ಆರು ಕಿಲೋಮೀಟರಿನ ವ್ಯಾಜ್ಯ

ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಸವಳಂಗದ ಕೆರೆಯನ್ನು ಕಂಡು, ಅಲ್ಲಿಂದ ನ್ಯಾಮತಿಯ ಕಡೆಗೆ ಹೊರಳಿದ ಪ್ರಯಾಣಿಕನಿಗೆ, ಮೆಕ್ಕೆಜೋಳದ ಹೊಲಗಳ ಮತ್ತು ಅಡಿಕೆ ತೋಟಗಳ ನಡುವೆ ನಿಂತ ಕಬ್ಬಿಣದ ಟವರುಗಳು ಒಂದಾದ ಮೇಲೊಂದು ಗೋಚರಿಸುತ್ತವೆ. ಒಂದು ಟವರಿಗೂ ಅದರ ಮುಂದಿನದಕ್ಕೂ ನಡುವಣ ದೂರವೆಷ್ಟು, ಆ ದೂರವನ್ನು ನಿಶ್ಚಯಿಸಿದವರು ಯಾರು ಎಂದು ವಿಚಾರಿಸುವ ಪ್ರಮೇಯ ಸಾಮಾನ್ಯವಾಗಿ ಯಾರಿಗೂ ಒದಗುವುದಿಲ್ಲ. ಬೆಳಗುತ್ತಿಯ ಬಳಿ ತೀರ್ಥರಾಮೇಶ್ವರದ ಗುಡ್ಡದ ಮರೆಗೆ ಸರಿದಾಗ ಮೊಬೈಲಿನ ಗೆರೆಗಳು ಒಂದೊಂದಾಗಿ ಅಳಿದುಹೋದರೆ, ಜನ ಕಂಪೆನಿಯನ್ನು ಎರಡು ಮಾತು ಬೈದು, ಎತ್ತರದ ಜಾಗ ಹುಡುಕಿ, ಕೆಲಸ ಮುಗಿಸಿಕೊಳ್ಳುತ್ತಾರೆ. ಬೈಗಳಿಗೆ ಪಾತ್ರರಾಗಬೇಕಾದವರು ಕಂಪೆನಿಯವರು ಮಾತ್ರವಲ್ಲವೆಂಬುದೂ, ಆ ಗೆರೆಗಳ ಹಿಂದೆ ಭೂಗೋಳದ ನಾಲ್ಕಾರು ರಾಜಧಾನಿಗಳಲ್ಲಿ ನಡೆದ ವಾದವಿವಾದಗಳ ದೊಡ್ಡದೊಂದು ಕಡತವಿದೆಯೆಂಬುದೂ ಅವರಿಗೆ ತಿಳಿಯುವ ಬಗೆ ಹೇಗೆ?

ಆ ದೂರಕ್ಕೆ ಒಂದು ಇತಿಹಾಸವುಂಟು. ನಾವೆಲ್ಲ 5ಜಿ ಎಂದು ಕರೆಯುವ ಐದನೆಯ ತಲೆಮಾರಿನ ಮೊಬೈಲ್ ವ್ಯವಸ್ಥೆಯನ್ನು ಒರೆಗೆ ಹಚ್ಚುವುದಕ್ಕಾಗಿ, ಜಿನೀವಾ ನಗರದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2017ರಲ್ಲಿ ಒಂದು ಪರೀಕ್ಷಾಕ್ರಮವನ್ನು ಸಿದ್ಧಪಡಿಸಿತು. ಅದರಲ್ಲಿ ಗ್ರಾಮೀಣ ಪ್ರದೇಶವೆಂದರೆ ಯಾವುದು ಎಂಬುದಕ್ಕೊಂದು ಲಕ್ಷಣವನ್ನು ಹೇಳಬೇಕಾಗಿದ್ದಿತು. ಮುಂದುವರಿದ ರಾಷ್ಟ್ರಗಳ ಅನುಭವದಿಂದ ಹುಟ್ಟಿದ ಆ ಲಕ್ಷಣದ ಪ್ರಕಾರ ಟವರಿನಿಂದ ಟವರಿಗೆ 1,732 ಮೀಟರು ಅಂತರ. ಬಳಸುವವರಲ್ಲಿ ಅರ್ಧದಷ್ಟು ಜನ ಮನೆಯೊಳಗೆ ಕುಳಿತವರು, ಉಳಿದರ್ಧ ಗಂಟೆಗೆ 120 ಕಿಲೋಮೀಟರು ವೇಗದಲ್ಲಿ ಕಾರಿನಲ್ಲಿ ಸಾಗುತ್ತಿರುವವರು. ಇಂಥ ಗ್ರಾಮ ಜರ್ಮನಿಯಲ್ಲಿ ಇದ್ದೀತು. ನಮ್ಮ ಕಡೆಯ ರಸ್ತೆಗಳಲ್ಲಿ ಆ ವೇಗದಿಂದ ಹೋಗುವವನ ವಿಷಯವನ್ನು ಮೊದಲು ಅವನ ಮನೆಯವರಿಗೆ ತಿಳಿಸುವುದು ಲೇಸು. ಭಾರತದ ಪ್ರತಿನಿಧಿಗಳು ಈ ಲಕ್ಷಣವು ಅಪೂರ್ಣವೆಂದು ವಾದಿಸಿ, ಅದೇ ಪರೀಕ್ಷಾಕ್ರಮದೊಳಕ್ಕೆ ಮತ್ತೊಂದು ಮಾದರಿಯನ್ನು ಸೇರಿಸುವಲ್ಲಿ ಸಫಲರಾದರು: ಟವರಿನಿಂದ ಟವರಿಗೆ ಆರು ಕಿಲೋಮೀಟರು, ಬಳಸುವವರಲ್ಲಿ ನೂರಕ್ಕೆ 40 ಮಂದಿ ಮನೆಯೊಳಗೆ, 40 ಮಂದಿ ಗಂಟೆಗೆ 3 ಕಿಲೋಮೀಟರಿನಂತೆ ಕಾಲುನಡಿಗೆಯಲ್ಲಿ, ಉಳಿದ 20 ಮಂದಿ 30 ಕಿಲೋಮೀಟರು ವೇಗದ ವಾಹನದಲ್ಲಿ. ಮಂದ ಚಲನೆ, ವಿಶಾಲ ವ್ಯಾಪ್ತಿ ಎಂಬುದು ಆ ಮಾದರಿಯ ಸಾರ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಖ್ಯಾತವಾಗಿ ನ್ಯಾಮತಿ ತಾಲ್ಲೂಕಿನಲ್ಲಿರುವ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯ ಜಯಂತಿಯ ಸಮಯದಲ್ಲಿ ಮಾಲೆ ಧರಿಸಿ ನಡೆದುಬರುವ ಲಂಬಾಣಿ ಯಾತ್ರಿಕರನ್ನು ಕಂಡವರಿಗೆ, ಈ ಮಾದರಿಯನ್ನು ಬರೆದವರ ಕಣ್ಣೆದುರಿಗೆ ಯಾವ ದೇಶವಿದ್ದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರವನ್ನು ಆರು ಕಿಲೋಮೀಟರೆಂದು ಬರೆದವರು ಅದನ್ನು ಸುಮ್ಮನೆ ಆರಿಸಿಕೊಳ್ಳಲಿಲ್ಲ. ದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿವೆ. ಅವುಗಳ ಕೇಂದ್ರಸ್ಥಾನಗಳಿಗೆ ಬೆಳಕಿನೆಳೆಯ ಕೇಬಲನ್ನು ಎಳೆದು ಮುಟ್ಟಿಸಬೇಕೆಂದು ಸರ್ಕಾರ 2011ರಲ್ಲಿಯೇ ಸಂಕಲ್ಪಿಸಿದ್ದಿತು. ಕೇಬಲು ಮುಟ್ಟಿದಲ್ಲಿ ಒಂದು ಟವರನ್ನು ನಿಲ್ಲಿಸಿ, ಅದರ ಸುತ್ತ ಮೂರು ಕಿಲೋಮೀಟರು ದೂರದವರೆಗೆ ಸಿಗ್ನಲ್ ಹಬ್ಬಿಸಿದರೆ, ಆ ಪಂಚಾಯಿತಿಗೆ ಸೇರಿದ ಮಜರೆಗಳೂ ತಾಂಡಾಗಳೂ ಬಹುಮಟ್ಟಿಗೆ ಒಳಗಾಗುತ್ತವೆ. ಸವಳಂಗ, ಚೀಲೂರು, ಗೋವಿನಕೋವಿಗಳಂತಹ ಊರುಗಳ ನಕ್ಷೆಯನ್ನು ಹರಡಿಕೊಂಡು ಕುಳಿತರೆ ಲೆಕ್ಕ ಎಷ್ಟು ಸಹಜವಾಗಿದೆಯೆಂಬುದು ಮನದಟ್ಟಾಗುತ್ತದೆ. ಲೆಕ್ಕವೇನೋ ಸರಿಯೆ, ಆದರೆ ಅದಕ್ಕೆ ಒಪ್ಪುವಂಥ ತಂತ್ರವನ್ನು ಕಂಡುಹಿಡಿದು, ಲೋಕವೆಲ್ಲ ಒಪ್ಪುವ ಮಾನಕದಲ್ಲಿ ಅದಕ್ಕೊಂದು ಸ್ಥಾನವನ್ನು ದೊರಕಿಸುವುದು ಬೇರೆಯದೇ ಕೆಲಸ. ಆ ಕೆಲಸದ ಕಷ್ಟವನ್ನು ಅರಿಯಬೇಕಾದರೆ ಮಾನಕಕ್ಕೂ ಪೇಟೆಂಟಿಗೂ ಇರುವ ನಂಟನ್ನು ಮೊದಲು ತಿಳಿಯಬೇಕು.

ಹಿಂದೆ ನಮ್ಮ ಸೀಮೆಯಲ್ಲಿ ಒಂದೊಂದು ಸಂತೆಗೆ ಒಂದೊಂದು ಕೊಳಗವಿದ್ದಿತು. ಒಂದೂರಿನ ಕೊಳಗದಲ್ಲಿ ತುಂಬಿ ತುಳುಕಿದ ರಾಗಿ ಇನ್ನೊಂದೂರಿನ ಕೊಳಗದಲ್ಲಿ ಕಡಮೆ ಬಿದ್ದು, ರೈತನಿಗೂ ವರ್ತಕನಿಗೂ ಮಾತಿಗೆ ಮಾತು ಬೆಳೆಯುತ್ತಿದ್ದಿತು. 1956ರ ತೂಕ ಮತ್ತು ಅಳತೆಗಳ ಶಾಸನವು ಬಂದು ದೇಶಕ್ಕೆಲ್ಲ ಒಂದೇ ಅಳತೆಯಾಯಿತು. ಮೊಬೈಲಿನ ಮಾನಕವೂ ಇಂಥದೊಂದು ಒಡಂಬಡಿಕೆಯೆ: ಕೊರಿಯದಲ್ಲಿ ತಯಾರಾದ ಸೆಟ್ಟು ಸ್ವೀಡನ್ನಿನ ಯಂತ್ರವಿರುವ ನ್ಯಾಮತಿಯ ಟವರಿನೊಡನೆ ಮಾತನಾಡಬೇಕಾದರೆ ಇಬ್ಬರೂ ಒಂದೇ ಕಟ್ಟಳೆಗೆ ಒಳಪಟ್ಟಿರಬೇಕು. ಆದರೆ ಕಿಲೋಗ್ರಾಮಿಗೆ ಒಡೆಯನಿಲ್ಲ. ಮೊಬೈಲಿನ ಮಾನಕಕ್ಕೆ ಒಡೆಯರು ಅನೇಕರು. ಕೊಳಗವನ್ನು ಕಡೆದ ಬಡಗಿಯು, ಇನ್ನು ಇಪ್ಪತ್ತು ವರ್ಷ ಕಾಲ ಈ ಕೊಳಗದಿಂದ ಅಳೆದ ಪ್ರತಿಯೊಂದು ಅಳತೆಯಲ್ಲಿಯೂ ಒಂದು ಹಿಡಿ ಧಾನ್ಯ ನನಗೆ ಸಲ್ಲತಕ್ಕದ್ದು ಎಂದು ಶಾಸನಬದ್ಧವಾಗಿ ಬರೆಸಿಕೊಂಡಿದ್ದನೆಂದು ಭಾವಿಸಿದರೆ, ಮಾನಕದೊಳಗೆ ಸೇರಿಹೋದ ಪೇಟೆಂಟಿನ ಸ್ವರೂಪ ಅರ್ಥವಾಗುತ್ತದೆ. ಆ ಪೇಟೆಂಟನ್ನು ಬಳಸದೆ ಆ ಮಾನಕದ ಫೋನನ್ನು ಮಾಡುವುದು ಅಶಕ್ಯ. ಆದಕಾರಣ ಅದನ್ನು ಮಾನಕಕ್ಕೆ ಅನಿವಾರ್ಯವಾದ ಪೇಟೆಂಟೆಂದು ಕರೆಯುತ್ತಾರೆ. ಹಾಗೆ ಸೇರಿಸುವ ಸಮಯದಲ್ಲಿ ಅದರ ಒಡೆಯನಿಂದ, ಕೇಳಿದವರಿಗೆಲ್ಲ ನ್ಯಾಯವಾದ, ಸಮಂಜಸವಾದ, ತಾರತಮ್ಯವಿಲ್ಲದ ದರದಲ್ಲಿ ಪರವಾನಗಿ ಕೊಡುತ್ತೇನೆಂಬ ವಾಗ್ದಾನವನ್ನು ಪಡೆಯುವುದು ರೂಢಿ. ನ್ಯಾಯವಾದ ದರವೆಷ್ಟು ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿಡುವುದಿಲ್ಲ. ವಕೀಲವೃತ್ತಿಯ ಒಂದು ಇಡೀ ಶಾಖೆ ಈ ಮೌನದ ಆಶ್ರಯದಲ್ಲಿ ಸುಖವಾಗಿ ಬಾಳುತ್ತಿದೆ.

ಹೊರಗೆ ಪ್ರಕಟವಾದ ದರಗಳಿಂದ ಒಂದು ಅಂದಾಜು ಸಿಕ್ಕೀತು. 5ಜಿಯೂ ಹಿಂದಿನ ತಲೆಮಾರುಗಳೂ ಕೂಡಿರುವ ಫೋನೊಂದಕ್ಕೆ ಅಮೆರಿಕದ ಕ್ವಾಲ್‌ಕಾಮ್ ಕಂಪೆನಿ ಕೇಳುವ ಪ್ರಕಟಿತ ದರ ಬೆಲೆಯ ಶೇಕಡ 3.25, ಫೋನಿನ ಬೆಲೆ ಎಷ್ಟೇ ಹೆಚ್ಚಿದ್ದರೂ 400 ಡಾಲರಿಗೆ ಮೀರಿ ಲೆಕ್ಕ ಹಾಕುವುದಿಲ್ಲವೆಂಬುದು ಅದರ ರಿಯಾಯಿತಿ. ಸ್ವೀಡನ್ನಿನ ಎರಿಕ್ಸನ್ 2017ರಲ್ಲಿ ಫೋನೊಂದಕ್ಕೆ 5 ಡಾಲರು, ಅಗ್ಗದ ಫೋನಾದರೆ ಎರಡೂವರೆ ಡಾಲರಿನವರೆಗೆ ಇಳಿಸಬಹುದು ಎಂದು ಸಾರಿತು. ಫಿನ್‌ಲೆಂಡಿನ ನೋಕಿಯಾ ಮರುವರ್ಷ 3 ಯೂರೊ ಎಂದು ಮಿತಿಯನ್ನು ಹೇಳಿತು. ಇವು ಮೂರೇ ಹೆಸರುಗಳು, ಪಟ್ಟಿ ದೊಡ್ಡದು. ಮೆಕ್ಕೆಜೋಳ ಮಾರಿದ ಹಣದಲ್ಲಿ ಹತ್ತು ಹನ್ನೆರಡು ಸಾವಿರದ ಫೋನನ್ನು ಕೊಂಡ ರೈತನು ರಶೀದಿಯಲ್ಲಿ ಜಿ.ಎಸ್.ಟಿ.ಯ ಅಂಕಿಯನ್ನು ಕಾಣುತ್ತಾನೆ; ಈ ಇನ್ನೊಂದು ತೆರಿಗೆಯ ಅಂಕಿಯನ್ನು ಕಾಣುವುದಿಲ್ಲ.

ಮಾನಕಗಳ ಕಲಹ ಹಳ್ಳಿಯ ಮನೆಯೊಳಕ್ಕೆ ಮೊದಲು ಕಾಲಿಟ್ಟದ್ದು 5ಜಿಯಿಂದಲ್ಲ. ಯೂರೋಪಿನ ದೂರವಾಣಿ ಸಂಸ್ಥೆಗಳು 1987ರಲ್ಲಿ ಕೋಪನ್‌ಹೇಗನ್ನಿನಲ್ಲಿ ಒಪ್ಪಂದ ಮಾಡಿಕೊಂಡು ರೂಪಿಸಿದ ಜಿ.ಎಸ್.ಎಂ. ಎಂಬ ಮಾನಕವನ್ನೇ ಭಾರತವೂ ತನ್ನ ಮೊಬೈಲಿಗೆ ಆಯ್ದುಕೊಂಡಿತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮರಿಗೆ ಮಾಡಿದ ಮೊದಲ ಕರೆ ಆ ಮಾನಕದ್ದು. ಕರ್ನಾಟಕದಲ್ಲಿ ಜೆ.ಟಿ. ಮೊಬೈಲ್ಸ್, ಸ್ಪೈಸ್ ಎಂಬ ಎರಡು ಕಂಪೆನಿಗಳು ಅದನ್ನು ತಂದವು. ಇತ್ತ ಸ್ಯಾನ್ ಡಿಯೇಗೋ ನಗರದಲ್ಲಿ 1985ರಲ್ಲಿ ಹುಟ್ಟಿದ ಕ್ವಾಲ್‌ಕಾಮ್ ಇನ್ನೊಂದು ಮಾರ್ಗವನ್ನು ಹಿಡಿದಿದ್ದಿತು. ಜಿ.ಎಸ್.ಎಂ.ನಲ್ಲಿ ಕಾಲವನ್ನು ಸಣ್ಣ ಸಣ್ಣ ಪಾಲುಗಳಾಗಿ ಕತ್ತರಿಸಿ ಸರದಿಯಂತೆ ಒಬ್ಬೊಬ್ಬರಿಗೆ ಹಂಚುತ್ತಿದ್ದರೆ, ಸಿ.ಡಿ.ಎಂ.ಎ. ಎಂಬ ಈ ಎರಡನೆಯದರಲ್ಲಿ ಎಲ್ಲರೂ ಏಕಕಾಲದಲ್ಲಿ ಒಂದೇ ತರಂಗಾಂತರದಲ್ಲಿ ಮಾತನಾಡುತ್ತಾರೆ. ಪ್ರತಿಯೊಬ್ಬರ ಮಾತಿಗೂ ಪ್ರತ್ಯೇಕವಾದ ಸಂಕೇತವನ್ನು ಬೆರೆಸಿರುವುದರಿಂದ ಯಾವುದು ಯಾರದೆಂದು ಯಂತ್ರ ಹೆಕ್ಕಿ ತೆಗೆಯುತ್ತದೆ. ತಾಂತ್ರಿಕವಾಗಿ ಎರಡನೆಯದೇ ಜಾಣತನದ್ದೆಂದು ಒಪ್ಪಬೇಕು. ಮೂರನೆಯ ತಲೆಮಾರಿನಲ್ಲಿ ಯೂರೋಪಿನವರೂ ಅದರ ತತ್ತ್ವವನ್ನೇ ಹಿಡಿದರು. ವ್ಯತ್ಯಾಸವಿದ್ದದ್ದು ಒಡೆತನದಲ್ಲಿ. ಜಿ.ಎಸ್.ಎಂ.ನ ಪೇಟೆಂಟುಗಳು ಹಲವು ಮನೆಗಳಲ್ಲಿ ಹಂಚಿಹೋಗಿದ್ದು, ಆ ಮನೆಗಳು ಪರಸ್ಪರ ಕೊಡುಕೊಳೆ ಮಾಡಿಕೊಂಡಿದ್ದವು, ಸಿ.ಡಿ.ಎಂ.ಎ.ಯ ಬೀಗದ ಕೈಗಳು ಬಹುಪಾಲು ಒಂದೇ ಮನೆಯ ಗೂಟಕ್ಕೆ ನೇತುಬಿದ್ದಿದ್ದವು.

ಭಾರತದಲ್ಲಿ ಸಿ.ಡಿ.ಎಂ.ಎ. ಪ್ರವೇಶಿಸಿದ್ದು ಹಿಂಬಾಗಿಲಿನಿಂದ. ತಂತಿ ಎಳೆಯುವುದು ದುಬಾರಿಯಾದ ಕಡೆ ಕೊನೆಯ ಹೆಜ್ಜೆಯನ್ನು ರೇಡಿಯೊ ಮೂಲಕ ದಾಟಿಸಲು ಅನುಮತಿಯಿದ್ದಿತು, ಡಬ್ಲ್ಯು.ಎಲ್.ಎಲ್. ಎಂದು ಅದನ್ನು ಕರೆಯುತ್ತಿದ್ದರು. ಮೇಜಿನ ಮೇಲೆ ಗಿಡ್ಡ ಆಂಟೆನಾ ನಿಮಿರಿಸಿಕೊಂಡು ಕುಳಿತ ಆ ಸೆಟ್ಟುಗಳು ತಂತಿ ಮುಟ್ಟದ ಅನೇಕ ಹಳ್ಳಿಗಳಿಗೆ ಮೊದಲ ಫೋನಾಗಿದ್ದವೆಂಬುದನ್ನು ಹಿರಿಯರು ಬಲ್ಲರು. ಸ್ಥಿರವಾಣಿಯ ಲೈಸೆನ್ಸಿನಡಿಯಲ್ಲಿ ಇದಕ್ಕೆ ಸೀಮಿತ ಚಲನೆಗೂ ಅವಕಾಶ ದೊರೆತಾಗ, ರಿಲಯನ್ಸ್ ಕಂಪೆನಿ 2002ರ ಡಿಸೆಂಬರ್ 28ರಂದು ತನ್ನ ಸಿ.ಡಿ.ಎಂ.ಎ. ಸೇವೆಯನ್ನು ಉದ್ಘಾಟಿಸಿ, ಮರುವರ್ಷದ ಮಳೆಗಾಲದಲ್ಲಿ 501 ರೂಪಾಯಿ ಕೊಟ್ಟವರ ಕೈಗೆ ಫೋನನ್ನಿತ್ತಿತು. ಆ ತನಕ ಸಿರಿವಂತರ ಜೇಬಿನಲ್ಲಿದ್ದ ವಸ್ತು ಆಟೊ ಚಾಲಕನ, ಮೇಸ್ತ್ರಿಯ, ತರಕಾರಿ ದಲ್ಲಾಳಿಯ ಕೈಗೆ ಬಂದದ್ದು ಹಾಗೆ. ಅಪಾರ ದುಡ್ಡು ಸುರಿದು ಮೊಬೈಲ್ ಲೈಸೆನ್ಸು ಪಡೆದಿದ್ದ ಜಿ.ಎಸ್.ಎಂ. ಕಂಪೆನಿಗಳು ಇದು ಅನ್ಯಾಯವೆಂದು ನ್ಯಾಯಾಧಿಕರಣದ ಮೆಟ್ಟಿಲೇರಿದವು. 2003ರ ನವೆಂಬರಿನಲ್ಲಿ ಎರಡು ಬಗೆಯವರಿಗೂ ಒಂದೇ ಲೈಸೆನ್ಸು ಎಂಬ ರಾಜಿಯಲ್ಲಿ ಆ ಪ್ರಕರಣ ತಣ್ಣಗಾಯಿತು.

ಈ ಕತೆಯಲ್ಲಿ ಗ್ರಾಹಕನ ಪಾಲಿಗೆ ಬಂದ ಪೀಡೆಯೊಂದಿದ್ದಿತು. ರಿಲಯನ್ಸ್ ಸೆಟ್ಟಿನಲ್ಲಿ ತೆಗೆದು ಹಾಕುವ ಸಿಮ್ ಇರಲಿಲ್ಲ. ಕಂಪೆನಿಯನ್ನು ಬಿಡಬೇಕೆಂದರೆ ಫೋನನ್ನೂ ಬಿಡಬೇಕು. ಬೇರೆ ದೇಶಗಳಲ್ಲಿ ಕೊಳ್ಳುವವರು ಕಡಮೆಯಾದಂತೆಲ್ಲ ಆ ಮಾನಕದ ಸೆಟ್ಟುಗಳ ಬೆಲೆ ಜಿ.ಎಸ್.ಎಂ. ಸೆಟ್ಟುಗಳಷ್ಟು ಇಳಿಯಲಿಲ್ಲ. ರಾಯಧನವನ್ನು ತಗ್ಗಿಸಬೇಕೆಂದು ರಿಲಯನ್ಸ್ ಬಹಿರಂಗವಾಗಿಯೇ ಕ್ವಾಲ್‌ಕಾಮ್ ಕಂಪೆನಿಯೊಡನೆ ಜಗ್ಗಾಡಿತು. 2007ರ ಅಕ್ಟೋಬರಿನಲ್ಲಿ ಒಂದೇ ಲೈಸೆನ್ಸಿನಡಿ ಎರಡೂ ತಂತ್ರಜ್ಞಾನಗಳನ್ನು ನಡೆಸಬಹುದೆಂದು ಸರ್ಕಾರ ಅನುಮತಿಸಿದಾಗ ರಿಲಯನ್ಸ್ ಕಂಪೆನಿಯೇ ಜಿ.ಎಸ್.ಎಂ. ಪಾಳೆಯವನ್ನೂ ಸೇರಿತು, ಮುಂದೆ ದಶಕ ಕಳೆಯುವುದರೊಳಗೆ ದೇಶದಲ್ಲಿ ಸಿ.ಡಿ.ಎಂ.ಎ. ನಾಮಾವಶೇಷವಾಯಿತು. ಉತ್ತಮ ತಂತ್ರ ಸೋಲಲಿಲ್ಲ, ಅದರ ತತ್ತ್ವ ಗೆದ್ದೇ ಗೆದ್ದಿತು. ಸೋತದ್ದು ಒಬ್ಬನ ಕೈಯಲ್ಲಿದ್ದ ಮಾನಕ. ಅದರ ಸೆಟ್ಟುಗಳು ಹಳ್ಳಿಯ ಮನೆಗಳ ಮಾಡುಗಳಲ್ಲಿ ಉಳಿದವು.

ನಾಲ್ಕನೆಯ ತಲೆಮಾರಿನ ಹೊತ್ತಿಗೆ ಕಲಹ ವೈಮ್ಯಾಕ್ಸ್, ಎಲ್.ಟಿ.ಇ. ಎಂಬ ಎರಡು ಮಾನಕಗಳ ನಡುವೆ. ಇಲ್ಲಿ ಬೆಂಗಳೂರಿನ ಹೆಸರು ಬರುತ್ತದೆ. ನೌಕಾದಳದ ಎಂಜಿನಿಯರಾಗಿ ಸೋನಾರ್ ಯಂತ್ರಗಳನ್ನು ನಿರ್ಮಿಸಿ, ಅನಂತರ ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರವನ್ನೂ ಭಾರತ್ ಎಲೆಕ್ಟ್ರಾನಿಕ್ಸಿನ ಕೇಂದ್ರ ಸಂಶೋಧನಾಲಯವನ್ನೂ ಕಟ್ಟಿದ ಆರೋಗ್ಯಸ್ವಾಮಿ ಪೌಲ್‌ರಾಜ್ ಅವರು, 1990ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿ, ಹಲವು ಆಂಟೆನಾಗಳಿಂದ ಒಂದೇ ತರಂಗಾಂತರದಲ್ಲಿ ಹಲವು ಮಾಹಿತಿಧಾರೆಗಳನ್ನು ಏಕಕಾಲಕ್ಕೆ ಕಳುಹಿಸುವ ಉಪಾಯವನ್ನು ಕಂಡರು. ಥಾಮಸ್ ಕೈಲಾತ್ ಅವರೊಡನೆ ಅವರು ಪಡೆದ ಅದರ ಅಮೆರಿಕದ ಪೇಟೆಂಟು 1994ರದು. ಮೈಮೋ ಎಂಬ ಹೆಸರಿನ ಆ ತಂತ್ರವಿಲ್ಲದೆ ಇಂದಿನ 4ಜಿಯಾಗಲಿ 5ಜಿಯಾಗಲಿ ವೈಫೈ ಆಗಲಿ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ದೊಡ್ಡ ತಂಡವಿದ್ದ ಅವರ ಬೀಸೀಮ್ ಕಂಪೆನಿ ವೈಮ್ಯಾಕ್ಸಿನ ಚಿಪ್ಪುಗಳನ್ನು ಮಾಡುತ್ತಿದ್ದಿತು. 2010ರಲ್ಲಿ ನಮ್ಮ ಸರ್ಕಾರ ಬ್ರಾಡ್‌ಬ್ಯಾಂಡ್ ತರಂಗಾಂತರವನ್ನು ಹರಾಜಿಗಿಟ್ಟಾಗ, ಇಲ್ಲಿ ಫೋನ್ ಸೇವೆಯನ್ನೇ ನಡೆಸದ ಕ್ವಾಲ್‌ಕಾಮ್ ಸ್ವತಃ ಕೂಗಿ ದೆಹಲಿ, ಮುಂಬಯಿ, ಹರಿಯಾಣ, ಕೇರಳಗಳನ್ನು ಕೊಂಡಿತು. ಭಾರತ ವೈಮ್ಯಾಕ್ಸಿನ ಕಡೆ ವಾಲದೆ ಎಲ್.ಟಿ.ಇ.ಯನ್ನೇ ಹಿಡಿಯಬೇಕೆಂಬುದು ಅದರ ಉದ್ದೇಶ. ಕರ್ನಾಟಕದ ತರಂಗಾಂತರದ ಒಂದು ಪಾಲು ಏರ್‌ಟೆಲ್‌ಗೆ ಸಂದು, 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಎಲ್.ಟಿ.ಇ. ಸೇವೆ ಶುರುವಾಯಿತು. ವೈಮ್ಯಾಕ್ಸ್ ಅಳಿಯಿತು, ಮೈಮೋ ಎರಡರಲ್ಲಿಯೂ ಇದ್ದುದರಿಂದ ಬದುಕಿತು.

ಇನ್ನು ಆರು ಕಿಲೋಮೀಟರಿನ ವಿಚಾರ. ಟವರಿನ ಮಾತು ದೂರದ ಫೋನಿಗೆ ಕೇಳಿಸುವುದು ಕಷ್ಟವಲ್ಲ, ಅದರ ಬಲ ಹತ್ತಾರು ವ್ಯಾಟುಗಳದು. ಫೋನಿನ ಮಾತು ಟವರಿಗೆ ಕೇಳಿಸುವುದು ಕಷ್ಟ, ಏಕೆಂದರೆ ಸಾಮಾನ್ಯ ಫೋನಿನ ಬಲ ಒಂದು ವ್ಯಾಟಿನ ಐದನೆಯ ಒಂದು ಪಾಲು. ಆ ಅಲ್ಪ ಬಲವನ್ನೂ ಅದು ಪೂರ್ತಿಯಾಗಿ ಬಳಸಲಾರದು: ಅದು ಹೊರಡಿಸುವ ಅಲೆಯಲ್ಲಿ ಅಲ್ಲಲ್ಲಿ ಎತ್ತರದ ಶಿಖರಗಳೇಳುತ್ತವೆ, ಶಿಖರ ಬಂದಾಗ ವರ್ಧಕವು ವಿಕೃತಗೊಳ್ಳದಿರಲೆಂದು ಒಟ್ಟು ಧ್ವನಿಯನ್ನೇ ತಗ್ಗಿಸಿ ಮಾತನಾಡಬೇಕಾಗುತ್ತದೆ. ಹೈದರಾಬಾದಿನ ಮತ್ತು ಮದರಾಸಿನ ಐ.ಐ.ಟಿ.ಗಳಲ್ಲಿಯೂ, ಮದರಾಸಿನ ನಿಸ್ತಂತು ತಂತ್ರಜ್ಞಾನದ ಉತ್ಕೃಷ್ಟತಾ ಕೇಂದ್ರದಲ್ಲಿಯೂ ಕೆಲಸ ಮಾಡಿದ ವಿದ್ವಾಂಸರು ಆ ಅಲೆಯನ್ನು ತಿದ್ದಿ, ಶಿಖರಗಳನ್ನು ಸವೆಸಿ, ಅದೇ ಬ್ಯಾಟರಿಯಿಂದ ಫೋನು ಇನ್ನಷ್ಟು ಗಟ್ಟಿಯಾಗಿ ಮಾತನಾಡುವಂತೆ ಮಾಡುವ ಕ್ರಮವನ್ನು ರೂಪಿಸಿದರು. ಜಗತ್ತಿನ ಮೊಬೈಲ್ ಮಾನಕವನ್ನು ಬರೆಯುವ 3ಜಿಪಿಪಿ ಎಂಬ ಕೂಟದಲ್ಲಿ ಈ ಬಗೆಯ ಅಲೆಗೆ ಅವಕಾಶ ಮೊದಲೇ ಇದ್ದಿತು, ಆದರೆ ಐಚ್ಛಿಕವಾಗಿ. ಐಚ್ಛಿಕವಾದುದನ್ನು ಚಿಪ್ಪು ಮಾಡುವವನು ಮಾಡುವುದಿಲ್ಲ, ಮಾಡದಿದ್ದರೆ ಹಳ್ಳಿಗೆ ಪ್ರಯೋಜನವಿಲ್ಲ, ಆದಕಾರಣ ಅದು ಕಡ್ಡಾಯವಾಗತಕ್ಕದ್ದು ಎಂಬುದು ನಮ್ಮವರ ವಾದ. ಆ ಕೂಟ ಒಪ್ಪದಿದ್ದಾಗ, ಭಾರತದ ದೂರಸಂಪರ್ಕ ಮಾನಕಗಳ ಸಂಘವಾದ ಟಿ.ಎಸ್.ಡಿ.ಎಸ್.ಐ. ಸಂಸ್ಥೆಯು 2019ರಲ್ಲಿ ಪ್ರತ್ಯೇಕವಾಗಿ ತನ್ನದೇ ಮಾನಕವನ್ನು ಜಿನೀವಾದ ಒಕ್ಕೂಟಕ್ಕೆ ಅರ್ಪಿಸಿತು. ಅದರ ಹೆಸರು 5ಜಿಐ.

2020ರ ನವೆಂಬರಿನಲ್ಲಿ ಒಕ್ಕೂಟವು ಮೂರು ತಂತ್ರಜ್ಞಾನಗಳನ್ನು 5ಜಿ ಎಂದು ಅಂಗೀಕರಿಸಿತು: ಎರಡು 3ಜಿಪಿಪಿ ಕೂಟದವು, ಮೂರನೆಯದು ಭಾರತದ್ದು. ಮೊಬೈಲಿನ ಚರಿತ್ರೆಯಲ್ಲಿ ಈ ದೇಶದ ಹೆಸರಿನಲ್ಲಿ ಇಂಥ ಅಂಗೀಕಾರ ಅದಕ್ಕೆ ಮುಂಚೆ ದೊರೆತಿರಲಿಲ್ಲ. ಪತ್ರಿಕೆಗಳು ಹಿಗ್ಗಿದವು. ಹಿಗ್ಗದೆ ಇದ್ದವರೆಂದರೆ ಅದನ್ನು ಊರೂರಿಗೆ ಹಚ್ಚಬೇಕಾಗಿದ್ದ ಕಂಪೆನಿಗಳವರು. ಎರಡು ಮಾನಕಗಳ ನಡುವಣ ಭೇದ ಅತ್ಯಲ್ಪವಾದರೂ ಭೇದವೇ. ಅದಕ್ಕಾಗಿ ಚಿಪ್ಪು ಬೇರೆ, ಸೆಟ್ಟು ಬೇರೆ, ಟವರಿನ ಯಂತ್ರ ಬೇರೆ. ಲೋಕವೆಲ್ಲ ಒಂದನ್ನು ಕೊಳ್ಳುತ್ತಿರುವಾಗ ಭಾರತವೊಂದೇ ಇನ್ನೊಂದನ್ನು ಕೊಂಡರೆ ಬೆಲೆ ಏರದಿರುತ್ತದೆಯೆ ಎಂದು ಅವರು ಕೇಳಿದರು. ಇದನ್ನು ವಿದೇಶೀ ಕಂಪೆನಿಗಳ ಹುನ್ನಾರವೆಂದು ಕೆಲವರು ಹೇಳಿದರು. ಅದರಲ್ಲಿ ಕಿಂಚಿತ್ ಸತ್ಯವಿದ್ದಿರಬಹುದು. ಆದರೂ ಸಿ.ಡಿ.ಎಂ.ಎ. ಸೆಟ್ಟನ್ನು ಕೊಂಡು ಕೈಸುಟ್ಟುಕೊಂಡ ಊರುಗಳ ಕಡೆಯಿಂದ ನೋಡಿದರೆ, ಆ ಪ್ರಶ್ನೆಯನ್ನು ಯಾರು ಕೇಳಿದರೆಂಬುದಕ್ಕಿಂತ ಅದಕ್ಕೆ ಉತ್ತರವುಂಟೋ ಇಲ್ಲವೋ ಎಂಬುದೇ ಮುಖ್ಯ. ಉತ್ತರವಿರಲಿಲ್ಲ.

2021ರ ಡಿಸೆಂಬರಿನಲ್ಲಿ ರಾಜಿಯಾಯಿತು. 5ಜಿಐ ಮಾನಕದ ವಿಶೇಷಾಂಶಗಳನ್ನು ತನ್ನ ಹದಿನೇಳನೆಯ ಆವೃತ್ತಿಯಲ್ಲಿ ಸೇರಿಸಿಕೊಳ್ಳಲು 3ಜಿಪಿಪಿ ಒಪ್ಪಿತು. ಭಾರತ ತನ್ನ ಪ್ರತ್ಯೇಕ ಮಾನಕವನ್ನು ಬೆಳೆಸುವುದನ್ನು ಕೈಬಿಟ್ಟಿತು. ಇದನ್ನು ಸೋಲೆಂದು ಬಗೆದವರು ಅನೇಕರು. ನನಗೆ ಹಾಗೆ ತೋರುವುದಿಲ್ಲ. ಧ್ವಜ ಇಳಿಯಿತೆಂಬುದು ನಿಜ, ಸರಕು ಒಳಗೆ ಹೋಯಿತೆಂಬುದೂ ನಿಜ. ಪ್ರತ್ಯೇಕ ಮಾನಕವೆಂಬ ಬೆದರಿಕೆ ಇಲ್ಲದಿದ್ದರೆ ಆ ಬಾಗಿಲು ಅಷ್ಟು ಬೇಗ ತೆರೆಯುತ್ತಿದ್ದಿತೆ ಎಂಬುದು ಸಂದೇಹ. ಸೇರಿದ ಮಾತ್ರಕ್ಕೆ ಎಲ್ಲವೂ ಸಿದ್ಧಿಸಿತೆಂದೂ ಅಲ್ಲ. ಮಾನಕದ ಪುಸ್ತಕದಲ್ಲಿ ಬರೆದದ್ದನ್ನು ಚಿಪ್ಪಿನಲ್ಲಿ ಕೊರೆಯುವವನು, ಕೊರೆದದ್ದನ್ನು ಟವರಿನಲ್ಲಿ ಚಾಲೂ ಮಾಡುವವನು ಬೇರೆ ಬೇರೆ ಜನ, ಅವರ ಲಾಭನಷ್ಟದ ಲೆಕ್ಕವೂ ಬೇರೆ. 2022ರ ಹರಾಜಿನಲ್ಲಿ ಜಿಯೋ ಕಂಪೆನಿ ದೇಶಾದ್ಯಂತ ಕೊಂಡ 700 ಮೆಗಾಹರ್ಟ್ಜ್ ತರಂಗಾಂತರವು, ಆರು ಕಿಲೋಮೀಟರಿನ ಮಾದರಿಯನ್ನು ಯಾವುದಕ್ಕೆ ಬರೆದಿದ್ದರೋ ಅದೇ. ದೂರ ಹರಿಯುವುದು, ಗೋಡೆಯನ್ನು ಹೊಗುವುದು ಅದರ ಗುಣ. ಕೊಂಡ ವಸ್ತುವನ್ನು ಬೆಳಗುತ್ತಿಯ ಗುಡ್ಡದ ಹಿಂದಿನವರಿಗೂ ತಲಪಿಸುವುದು ಕಂಪೆನಿಯ ಹೊಣೆ.

ಈ ಅವಧಿಯಲ್ಲಿಯೇ ನ್ಯಾಯಾಲಯಗಳೂ ದುಡಿದವು. ಎರಿಕ್ಸನ್ ಕಂಪೆನಿ 2013ರಲ್ಲಿ ಮೈಕ್ರೋಮ್ಯಾಕ್ಸ್ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು. ಇಂಟೆಕ್ಸ್, ಲಾವಾ, ಚೀನಾದ ಶಿಯೋಮಿಗಳ ಸರದಿ ಅದರ ಹಿಂದೆಯೇ ಬಂದಿತು. ಲಾವಾ ಪ್ರಕರಣದಲ್ಲಿ 2024ರ ಮಾರ್ಚಿನಲ್ಲಿ ಸುಮಾರು 244 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಅಗ್ಗದ ಫೋನನ್ನು ಹಳ್ಳಿಗಳಿಗೆ ಮುಟ್ಟಿಸಿದ್ದ ದೇಶೀ ಕಂಪೆನಿಗಳ ಬಳಿ ಎದುರಾಳಿಗೆ ತಿರುಗಿ ತೋರಿಸಲು ತಮ್ಮದೆನ್ನುವ ಪೇಟೆಂಟುಗಳಿರಲಿಲ್ಲ. ಕೊಡುಕೊಳೆಗೆ ಕೈಯಲ್ಲಿ ಏನೂ ಇಲ್ಲದವನು ಕೊಡುವವನು ಮಾತ್ರವಾಗುತ್ತಾನೆ. ನಮ್ಮ ರಾಜ್ಯದಲ್ಲಿ ನಡೆದ ಪ್ರಕರಣದ ವರಸೆ ಬೇರೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ, ಶಿಯೋಮಿಯ ಭಾರತದ ಅಂಗಸಂಸ್ಥೆಯ 5,551 ಕೋಟಿ ರೂಪಾಯಿಯನ್ನು ಜಾರಿ ನಿರ್ದೇಶನಾಲಯವು 2022ರ ಏಪ್ರಿಲಿನಲ್ಲಿ ಜಪ್ತಿ ಮಾಡಿತು. ರಾಯಧನದ ಹೆಸರಿನಲ್ಲಿ ಹಣವನ್ನು ಅಕ್ರಮವಾಗಿ ಹೊರದೇಶಕ್ಕೆ ಸಾಗಿಸಲಾಗಿದೆ ಎಂಬುದು ಇಲಾಖೆಯ ಆರೋಪ. ಅದರ ಬಹುಭಾಗ ಕ್ವಾಲ್‌ಕಾಮ್ ಕಂಪೆನಿಗೆ ನ್ಯಾಯವಾಗಿ ಸಂದ ಪೇಟೆಂಟಿನ ಬಾಬ್ತು ಎಂಬುದು ಕಂಪೆನಿಯ ಸಮಾಧಾನ. ಜಪ್ತಿಗೆ ಆಧಾರವಾದ ಕಾನೂನನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2023ರ ಏಪ್ರಿಲಿನಲ್ಲಿ ವಜಾ ಮಾಡಿತು. ಸತ್ಯಾಸತ್ಯವನ್ನು ವಿಮರ್ಶಿಸುವುದು ನನ್ನ ಅಧಿಕಾರಕ್ಕೆ ಮೀರಿದ್ದು. ಆದರೆ ರಾಯಧನವೆಂಬ ಒಂದು ಬಾಬಿನಡಿಯಲ್ಲಿ ಇಷ್ಟು ದೊಡ್ಡ ಮೊತ್ತ ಒಂದೇ ಕಂಪೆನಿಯ ಲೆಕ್ಕದಲ್ಲಿ ಕಾಣಿಸಿಕೊಂಡಿತೆಂಬುದೇ ಯೋಚನೆಗೆ ಸಾಕಾದ ಸಂಗತಿ.

ಸ್ವಂತದ್ದನ್ನೇ ಕಟ್ಟಿ ಗೆದ್ದ ನಿದರ್ಶನ ಕನ್ನಡ ನಾಡಿನಲ್ಲಿ ಇಲ್ಲವೆ ಎಂದರೆ, ಉಂಟು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು 128 ತಂತಿಗಳ ಗ್ರಾಮೀಣ ದೂರವಾಣಿ ವಿನಿಮಯ ಯಂತ್ರವನ್ನು 1986ರಲ್ಲಿ ಮೊದಲು ನಿಲ್ಲಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದೆ, ನಮ್ಮ ಬಿಸಿಲಿಗೂ ಧೂಳಿಗೂ ಹೆದರದೆ ನಡೆದ ಆ ಯಂತ್ರದ ವಿನ್ಯಾಸವನ್ನು ದೇಶದ ಹಲವು ಕಾರ್ಖಾನೆಗಳಿಗೆ ಹಂಚಲಾಯಿತು, ಹಳ್ಳಿಯ ಎಸ್.ಟಿ.ಡಿ. ಬೂತುಗಳ ಹಿಂದೆ ಇದ್ದದ್ದು ಅದು. ಆದರೆ ಕಿತ್ತೂರಿನ ಯಂತ್ರ ತನ್ನೊಳಗೆ ಸ್ವದೇಶಿಯಾಗಿದ್ದು, ಹೊರಗಿನ ಜಾಲದೊಡನೆ ಲೋಕ ಒಪ್ಪಿದ ಕಟ್ಟಳೆಯಂತೆಯೇ ಮಾತನಾಡುತ್ತಿದ್ದಿತು ಎಂಬುದನ್ನು ಮರೆಯಬಾರದು. ಇಂದು ಬಿ.ಎಸ್.ಎನ್.ಎಲ್. ಹಾಕಿರುವ 4ಜಿ ವ್ಯವಸ್ಥೆಯೂ ಇದೇ ಜಾಡಿನದು: ಜಾಲದ ಗರ್ಭ ಸಿ-ಡಾಟಿನದು, ಟವರಿನ ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸಿನದು, ಜೋಡಣೆ ಟಿ.ಸಿ.ಎಸ್. ಕಂಪೆನಿಯದು, ಮಾನಕ ಮಾತ್ರ ಸರ್ವರದು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರಸುಗುಡದಲ್ಲಿ ಪ್ರಧಾನಿಯವರು ಅದನ್ನು ಉದ್ಘಾಟಿಸಿದರು. ತಡವಾಯಿತು, ಬಹಳ ತಡವಾಯಿತು. ಆದರೂ ದಾರಿ ಸರಿಯಾದದ್ದೇ.

ಮಾನಕದ ಕೂಟದಲ್ಲಿ ಮತ ಬೀಳುವುದು ದೇಶದ ಜನಸಂಖ್ಯೆಗಲ್ಲ, ವರ್ಷಾನುವರ್ಷ ಸಭೆ ತಪ್ಪಿಸದೆ ಕುಳಿತು, ಲೆಕ್ಕಪತ್ರ ಮಂಡಿಸಿ, ರಾತ್ರಿಯೆಲ್ಲ ವಾದಿಸಬಲ್ಲವರಿಗೆ. ಬೆಂಗಳೂರಿನ ವಿದೇಶೀ ಕಂಪೆನಿಗಳ ಸಂಶೋಧನಾಲಯಗಳಲ್ಲಿ ನಮ್ಮ ಹುಡುಗರು ಆ ಕೆಲಸವನ್ನೇ ಮಾಡುತ್ತಿದ್ದಾರೆ. ಅವರ ಹೆಸರು ಶೋಧಕರ ಜಾಗದಲ್ಲಿಯೂ, ಕಂಪೆನಿಯ ಹೆಸರು ಒಡೆಯನ ಜಾಗದಲ್ಲಿಯೂ ಅಚ್ಚಾಗುತ್ತದೆ. ಆರನೆಯ ತಲೆಮಾರಿನ ಪೇಟೆಂಟುಗಳಲ್ಲಿ ಶೇಕಡ ಹತ್ತು ಭಾರತದ್ದಾಗಬೇಕೆಂದು ಸರ್ಕಾರ ಗುರಿಯಿಟ್ಟಿದೆ. ಗುರಿ ಹೇಳುವುದು ಸುಲಭ. ಹತ್ತು ವರ್ಷ ಸಭೆಗಳಿಗೆ ಜನರನ್ನು ಕಳುಹಿಸುವ ಖರ್ಚನ್ನು ಆಯವ್ಯಯದಲ್ಲಿ ಬರೆಯುವುದು ಕಷ್ಟ. 2025ರ ಆಗಸ್ಟಿನ ಕೊನೆಯ ವಾರದಲ್ಲಿ 3ಜಿಪಿಪಿಯ ಕಾರ್ಯಗೋಷ್ಠಿಗಳು ಬೆಂಗಳೂರಿನಲ್ಲಿಯೇ ಸೇರಿ 6ಜಿಯ ಅಧ್ಯಯನವನ್ನು ಕುರಿತು ಚರ್ಚಿಸಿದವು. ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ಅದಕ್ಕೆ ಹೆಚ್ಚಿನ ಜಾಗ ದೊರೆತಂತೆ ಕಾಣಲಿಲ್ಲ.

ದಾವಣಗೆರೆಯಲ್ಲಿಯೂ ಶಿವಮೊಗ್ಗೆಯಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಎರಡು ಊರುಗಳಿಂದಲೂ ನ್ಯಾಮತಿ ತಾಲ್ಲೂಕು ಒಂದು ಬಸ್ಸಿನ ದೂರ. ಎಲೆಕ್ಟ್ರಾನಿಕ್ಸ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರತಿ ವರ್ಷ ಪೇಟೆಯಲ್ಲಿ ಕೊಂಡ ಸಿದ್ಧ ಪ್ರಾಜೆಕ್ಟುಗಳಿಗೆ ರಟ್ಟು ಹಾಕಿಸುವ ಬದಲು, ಅಡಿಕೆ ತೋಟದ ನೆರಳಿನಲ್ಲಿ, ಆಳೆತ್ತರ ಬೆಳೆದ ಮೆಕ್ಕೆಜೋಳದ ನಡುವೆ, ತೀರ್ಥರಾಮೇಶ್ವರದ ಇಳಿಜಾರಿನಲ್ಲಿ, ಜಯಂತಿಯ ದಿನ ಸೂರಗೊಂಡನಕೊಪ್ಪದ ಜನಸಂದಣಿಯಲ್ಲಿ ಸಿಗ್ನಲ್ ಎಷ್ಟು ಕುಗ್ಗುತ್ತದೆಯೆಂಬುದನ್ನು ಅಳೆದು ಬರೆದಿಡಲಿ. ಅವರ ಅಧ್ಯಾಪಕರು ಅದನ್ನು ಟಿ.ಎಸ್.ಡಿ.ಎಸ್.ಐ. ಸಂಸ್ಥೆಗೆ ಕಳುಹಿಸಲಿ. 1,732 ಮೀಟರಿನ ಗ್ರಾಮವನ್ನು ಬರೆದವರ ಕೈಯಲ್ಲಿ ಅವರವರ ಊರಿನ ಅಳತೆಗಳಿದ್ದವು. 6ಜಿಗೆ ತಂತ್ರಜ್ಞಾನಗಳನ್ನು ಸಲ್ಲಿಸುವ ಅವಧಿ 2027ರಲ್ಲಿ ಆರಂಭವಾಗಿ 2029ರ ಮೊದಲ ತಿಂಗಳುಗಳಲ್ಲಿ ಮುಗಿಯುತ್ತದೆಂದು ಜಿನೀವಾದ ಒಕ್ಕೂಟ ವೇಳಾಪಟ್ಟಿಯನ್ನು ಪ್ರಕಟಿಸಿದೆ. ಅಳೆಯುವವರು ಈ ವರ್ಷದ ಬೆಳೆ ನಿಂತಿರುವಾಗಲೇ ಹೊರಡಬೇಕು.